ಬಿಳಿ ನಾಲಿಗೆಗೆ ಹೊಟ್ಟೆಯೇ ಕಾರಣವೇ?

"ಜ್ವರ ಬಿಟ್ಟು ವಾರ ಆತ್ರಿ, ನಾಲಿಗಿ ಇನ್ನೂ ಬೆಳ್ಳಗೈತಿ. ಹೊಟ್ಟಿ ಕೆಟ್ಟೈತೇನು?" ಸಿಂಧನೂರಿನ ಓದುಗರೊಬ್ಬರ ಪ್ರಶ್ನೆ ಇದು. ನಾಲಿಗೆ ಬೆಳ್ಳಗಾದರೆ ಕರುಳಿನಲ್ಲಿ ವಿಷ ಸೇರಿದೆ ಎಂದು ಹೆದರಿಸಿ ‘ಡಿಟಾಕ್ಸ್’ ಪುಡಿ ಮಾರುವವರು ಮೊಬೈಲಿನ ತುಂಬ ಇದ್ದಾರೆ. ಅದಕ್ಕೆ ದುಡ್ಡು ಸುರಿಯಬೇಡಿ. ಈ ಬಿಳಿ ಪದರ ಹುಟ್ಟುವುದು ಬಹುಮಟ್ಟಿಗೆ ಬಾಯಲ್ಲೇ.

ನಾಲಿಗೆಯ ಮೇಲೆ ಒತ್ತೊತ್ತಾಗಿ ಸಣ್ಣ ಮೊನೆಗಳಿವೆ. ಇವು ರುಚಿ ಹೇಳುವುದಿಲ್ಲ. ತುತ್ತನ್ನು ಹಿಡಿದು ಹೊರಳಿಸುವ ಒರಟುತನ ಕೊಡುತ್ತವೆ. ಇವುಗಳ ತುದಿಯ ಕೋಶಗಳು ಸತ್ತು ಉದುರುತ್ತಲೇ ಇರುತ್ತವೆ. ತುಂಗಭದ್ರಾ ಎಡದಂಡೆ ನಾಲೆಯ ಉಪಕಾಲುವೆಗಳನ್ನು ನೋಡಿದವರಿಗೆ ಮುಂದಿನದು ಗೊತ್ತೇ ಇದೆ. ನೀರು ರಭಸವಾಗಿ ಹರಿಯುವಾಗ ಹೂಳು ನಿಲ್ಲುವುದಿಲ್ಲ. ಹರಿವು ತಗ್ಗಿತೋ, ಜೊಂಡಿನ ಬುಡದಲ್ಲಿ ಕಟ್ಟಿಕೊಳ್ಳುತ್ತದೆ. ಬಾಯಲ್ಲಿ ಹರಿಯುವ ನೀರೆಂದರೆ ಜೊಲ್ಲು. ಜೊಂಡು ಈ ಮೊನೆಗಳು. ಹೂಳು ಎಂದರೆ ಸತ್ತ ಕೋಶ, ಆಹಾರದ ಚೂರು, ಬ್ಯಾಕ್ಟೀರಿಯಾ. ಜ್ವರದಲ್ಲಿ ಮೈ ಒಣಗಿ ಜೊಲ್ಲು ಕಡಿಮೆಯಾಗುತ್ತದೆ. ಮೂಗು ಕಟ್ಟಿದರೆ ಬಾಯಲ್ಲೇ ಉಸಿರಾಟ. ಜೋಳದ ರೊಟ್ಟಿ ಬಿಟ್ಟು ಗಂಜಿಗೆ ಇಳಿಯುತ್ತೇವೆ, ಜಗಿಯುವಾಗಿನ ಉಜ್ಜಾಟವೂ ನಿಲ್ಲುತ್ತದೆ. ಮೇ ತಿಂಗಳ ಬಿಸಿಲಲ್ಲಿ ನೀರು ಕುಡಿಯದೆ ದುಡಿದವರಿಗೂ ಹೀಗಾಗಬಹುದು.

ಈ ಬಿಳಿ ಪದರವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದವನು ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್. 1683ರಲ್ಲಿ ಹಲ್ಲಿನ ಸಂದಿಯ ಬಿಳಿ ಕೊಳೆಯಲ್ಲಿ ಓಡಾಡುವ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಎಪ್ಪತ್ತು ದಾಟಿದ ಮೇಲೂ ಕುತೂಹಲ ಇಂಗಲಿಲ್ಲ. 1708ರಲ್ಲಿ ಜ್ವರದವರ ಬಿಳಿ ನಾಲಿಗೆಯ ಬಗ್ಗೆಯೇ ಅವನ ಪತ್ರ ಪ್ರಕಟವಾಯಿತು. ಎಂಥ ಮನುಷ್ಯ! ಕೆರೆದು ತೆಗೆಯುವ ಉಪಾಯವಂತೂ ನಮ್ಮಲ್ಲಿ ಇನ್ನೂ ಹಳೆಯದು. ಚಿನ್ನ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆಯ ನಾಲಿಗೆ ಪಟ್ಟಿಗಳನ್ನು ಚರಕ ಸಂಹಿತೆ ಹೇಳುತ್ತದೆ. ಹಲ್ಲುಜ್ಜಿದ ಬೇವಿನ ಕಡ್ಡಿಯನ್ನೇ ಉದ್ದಕ್ಕೆ ಸೀಳಿ, ಬಗ್ಗಿಸಿ, ನಾಲಿಗೆ ಕೆರೆದುಕೊಳ್ಳುವ ಹಿರಿಯರು ಹಳ್ಳಿಗಳಲ್ಲಿ ಈಗಲೂ ಇದ್ದಾರೆ.

ದಿನಕ್ಕೊಮ್ಮೆ ಹಿಂದಿನಿಂದ ಮುಂದಕ್ಕೆ ಹಗುರಾಗಿ ಎಳೆದರೆ ಸಾಕು. ರಕ್ತ ಬರುವಂತೆ ಕೆರೆಯಬೇಡಿ. ಬ್ಯಾಕ್ಟೀರಿಯಾ ಕೊಲ್ಲುವ ಖಾರದ ಮೌತ್‌ವಾಶ್ ದಿನವೂ ಬೇಕಿಲ್ಲ. ಸೊಪ್ಪಿನಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಮಾಡಿಕೊಡುವುದು ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾಗಳೇ. ದೇಹ ಅದರಿಂದ ನೈಟ್ರಿಕ್ ಆಕ್ಸೈಡ್ ತಯಾರಿಸಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಬಿಪಿ ಇದ್ದವರಿಗೆ ಇದು ಸಣ್ಣ ಸಂಗತಿಯಲ್ಲ.

ಎಲ್ಲ ಬಿಳುಪೂ ಇದೇ ಅಲ್ಲ. ಒರೆಸಿದರೆ ಎದ್ದು ಬಂದು ಕೆಳಗೆ ಕೆಂಪಗೆ ಕಂಡರೆ ಕ್ಯಾಂಡಿಡಾ ಶಿಲೀಂಧ್ರ ಇರಬಹುದು. ಹಸುಗೂಸುಗಳಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ, ಆಂಟಿಬಯಾಟಿಕ್ ನುಂಗಿದವರಲ್ಲಿ ಇದು ಹೆಚ್ಚು, ಔಷಧಿಗೆ ಬಗ್ಗುತ್ತದೆ. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಗುಟ್ಕಾ, ತಂಬಾಕು ಹಾಕುವವರ ನಾಲಿಗೆಯ ಪಕ್ಕದಲ್ಲೋ ಕೆನ್ನೆಯ ಒಳಗೋ ಕೆರೆದರೂ ಹೋಗದ ಬಿಳಿ ಮಚ್ಚೆ ಎರಡು ವಾರ ಉಳಿದರೆ ನೋವಿಲ್ಲವೆಂದು ಸುಮ್ಮನಿರಬೇಡಿ, ದಂತ ವೈದ್ಯರಿಗೆ ತೋರಿಸಿ. ಅಂಥ ಮಚ್ಚೆಗಳಲ್ಲಿ ಕೆಲವು ಕ್ಯಾನ್ಸರಿಗೆ ತಿರುಗುತ್ತವೆ. ಯಾವುದು ತಿರುಗುತ್ತದೆ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ, ಚೂರು ತೆಗೆದು ಪರೀಕ್ಷಿಸಿಯೇ ನೋಡಬೇಕು.