ಕಿವಿಯೊಳಗಿನ ಸುಣ್ಣದ ಹರಳು

ಹೊಸದುರ್ಗ ತಾಲ್ಲೂಕಿನಲ್ಲಿರುವ ನಮ್ಮ ಸೋದರತ್ತೆ ಎರಡು ವರ್ಷ ತೆಂಗಿನಮರದ ತುದಿ ನೋಡಿರಲಿಲ್ಲ. ತೋಟ ಅವರದೇ, ಮುಂದೆ ನಿಂತು ಕಾಯಿ ಕೀಳಿಸುವವರೂ ಅವರೇ. ಮರ ಹತ್ತಿದವನು ಬಲಿತ ಗೊನೆ ಬಿಟ್ಟು ಎಳೆಯದಕ್ಕೆ ಕೈ ಹಾಕುತ್ತಾನೇನೋ ಎಂದು ಕತ್ತೆತ್ತಿ ಕಾಯುವುದು ಮೊದಲಿನಿಂದ ಬಂದ ರೂಢಿ. ಒಂದು ದಿನ ಹಾಗೆ ಕತ್ತೆತ್ತಿದ್ದೇ ತಡ, ಮರ, ಆಕಾಶ, ತೋಟ ಎಲ್ಲವೂ ಗಿರ್ರನೆ ಸುತ್ತಿ, ಅತ್ತೆ ಮರದ ಪಾತಿಯಲ್ಲಿ ಕುಸಿದರು. ಅಂದಿನಿಂದ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೂ ಬವಳಿ, ಅಟ್ಟದ ಮೇಲಿನ ಡಬ್ಬಿ ಇಳಿಸಲು ಹೋದರೂ ಬವಳಿ. ಪಿತ್ತ ಎಂದು ಜೀರಿಗೆ ಕಷಾಯವಾಯಿತು. ಕತ್ತಿನ ಮೂಳೆ ಸವೆದಿದೆ ಎಂದು ಪಟ್ಟಿ ಬಂತು. ರಕ್ತ ಕಡಿಮೆ ಎಂದು ಟಾನಿಕ್ ಬಂತು. ತಲೆಸುತ್ತಿನ ಮಾತ್ರೆಯನ್ನಂತೂ ಎಲೆ ಅಡಿಕೆಯಷ್ಟೇ ನಿಯಮವಾಗಿ ತೆಗೆದುಕೊಳ್ಳುತ್ತಿದ್ದರು.

ಕೊನೆಗೆ ಅವರನ್ನು ಚಿತ್ರದುರ್ಗಕ್ಕೆ, ನರರೋಗ ತಜ್ಞರೊಬ್ಬರ ಬಳಿಗೆ ಕರೆದುಕೊಂಡು ಹೋದವನು ನಾನು. ಅಲ್ಲಿ ಕಂಡದ್ದು ನನ್ನನ್ನು ಈ ಲೇಖನದವರೆಗೆ ತಂದಿದೆ.

ಡಾಕ್ಟರು ಸ್ಕ್ಯಾನ್ ಚೀಟಿ ಬರೆಯಲಿಲ್ಲ. ಹಳೆಯ ಕಡತವನ್ನು ಪಕ್ಕಕ್ಕಿಟ್ಟು, "ಅಮ್ಮಾ, ಸುತ್ತು ಬಂದ್ರೆ ಎಷ್ಟು ಹೊತ್ತು ಇರುತ್ತೆ? ಏನು ಮಾಡುವಾಗ ಬರುತ್ತೆ?" ಎಂದು ಕೇಳಿದರು. "ಎಲೆಗೆ ಸುಣ್ಣ ಹಚ್ಚೋ ಅಷ್ಟೊತ್ತು ಇರ್ತೈತೆ ಡಾಕ್ಟ್ರೇ. ಮ್ಯಾಲೆ ನೋಡಿದ್ರೆ, ಮಗ್ಗುಲು ತಿರುಗಿದ್ರೆ" ಎಂದರು ಅತ್ತೆ. ರೋಗದ ಅರ್ಧ ಗುಟ್ಟು ಆ ಉತ್ತರದಲ್ಲೇ ಇತ್ತು ಎಂದು ಡಾಕ್ಟರು ಆಮೇಲೆ ನನಗೆ ವಿವರಿಸಿದರು. ನಿಮಿಷದೊಳಗೆ ನಿಲ್ಲುವ, ತಲೆ ಅಲುಗಿಸಿದಾಗ ಮಾತ್ರ ಬರುವ ಸುತ್ತು ಒಂದು ಜಾತಿ. ಸುಮ್ಮನೆ ಕೂತಿದ್ದಾಗ ಹಠಾತ್ತನೆ ಹಿಡಿದು, ಗಂಟೆ ಕಳೆದರೂ ಬಿಡದ ಸುತ್ತು ಇನ್ನೊಂದು ಜಾತಿ.

ಅತ್ತೆಯನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿದರು. ತಲೆಯನ್ನು ಬಲಕ್ಕೆ ಅರ್ಧ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದು, ಒಂದೇ ಸಲಕ್ಕೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಜೋತಿತ್ತು. "ಕಣ್ಣು ಮುಚ್ಚಬೇಡಿ, ನನ್ನ ಮೂಗನ್ನೇ ನೋಡ್ತಿರಿ." ಮೂರು ನಾಲ್ಕು ಸೆಕೆಂಡು ಏನೂ ಇಲ್ಲ. ಆಮೇಲೆ ಅತ್ತೆಯ ಕಣ್ಣಗುಡ್ಡೆಗಳು ತಿರುಚಿದಂತೆ ಪಟಪಟನೆ ಹೊಡೆದುಕೊಳ್ಳತೊಡಗಿದವು. ಅತ್ತೆ ನನ್ನ ಅಂಗಿ ಗಟ್ಟಿಯಾಗಿ ಹಿಡಿದು "ಶಿವನೇ" ಎಂದು ಕೂಗಿದರು. ನೋಡನೋಡುತ್ತಿದ್ದಂತೆ ಕಣ್ಣಿನ ಕುಣಿತ ತಾನಾಗಿಯೇ ತಣ್ಣಗಾಯಿತು. ಆಗ ಡಾಕ್ಟರು ತಲೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ ಅರ್ಧ ನಿಮಿಷಕ್ಕೂ ಹೆಚ್ಚು ಹಾಗೇ ಹಿಡಿದರು. ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ, ಮುಖ ನೆಲ ನೋಡುವಂತೆ ಮಾಡಿ ಮತ್ತಷ್ಟು ಹೊತ್ತು ಕಾದರು. ಕೊನೆಗೆ ಎಬ್ಬಿಸಿ ಕೂರಿಸಿದರು. ಇದನ್ನೇ ಇನ್ನೊಮ್ಮೆ ಮಾಡಿದರು. ಎರಡನೆಯ ಸಲ ಕಣ್ಣು ಅಲುಗಲಿಲ್ಲ.

ಹತ್ತು ನಿಮಿಷವಾಗಿರಬಹುದು. ಎರಡು ವರ್ಷದ ಬವಳಿ ಅಲ್ಲಿಗೆ ಹೋಯಿತು.

ನಮ್ಮ ಎರಡೂ ಕಿವಿಗಳ ಒಳಗೆ, ಮೂಳೆಯ ಗೂಡಿನಲ್ಲಿ, ಮೂರು ಮೂರು ಬಳೆಗಳಂಥ ಕೊಳವೆಗಳಿವೆ. ಒಳಗೆಲ್ಲ ದ್ರವ. ಗಾರೆ ಕೆಲಸದವರ ರಸಮಟ್ಟ ನೆನಪಿಸಿಕೊಳ್ಳಿ. ತಲೆ ಯಾವ ಕಡೆ ತಿರುಗಿತೆಂದು ಈ ದ್ರವದ ಚಲನೆಯಿಂದ ಮೆದುಳಿಗೆ ತಿಳಿಯುತ್ತದೆ. ಕೊಳವೆಗಳ ಬುಡದ ಚೀಲವೊಂದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿವೆ. ಅವು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ನಮ್ಮ ಸುಣ್ಣದ ಕಲ್ಲಿನ ಜಾತಿಯೇ. ವಯಸ್ಸಿನಿಂದಲೋ ತಲೆಗೆ ಬಿದ್ದ ಏಟಿನಿಂದಲೋ ಹರಳು ಕಳಚಿ ಕೊಳವೆಯೊಳಗೆ ಜಾರಿದರೆ, ಕತ್ತೆತ್ತಿದಾಗೆಲ್ಲ ಅದು ಉರುಳಿ ದ್ರವವನ್ನು ಎಳೆಯುತ್ತದೆ. ತಲೆ ನಿಂತರೂ ಮೆದುಳಿಗೆ ಮಾತ್ರ ತಿರುಗುತ್ತಿರುವ ಸುದ್ದಿಯೇ ಹೋಗುತ್ತಿರುತ್ತದೆ. ಡಾಕ್ಟರು ಮಾಡಿದ್ದು ಇಷ್ಟೇ: ತಲೆಯನ್ನು ಸರಿಯಾದ ಕ್ರಮದಲ್ಲಿ ತಿರುಗಿಸಿ, ಹರಳನ್ನು ಬಂದ ದಾರಿಯಲ್ಲೇ ಚೀಲಕ್ಕೆ ವಾಪಸು ಉರುಳಿಸಿದರು.

ಇದರ ಚರಿತ್ರೆಯನ್ನು ಅವರು ಟೀ ಕುಡಿಯುವಷ್ಟರಲ್ಲಿ ಹೇಳಿ ಮುಗಿಸಿದರು. ವಿಯೆನ್ನಾದ ರಾಬರ್ಟ್ ಬಾರಾನಿ ರೋಗಿಗಳ ಕಿವಿಗೆ ನೀರು ಬಿಟ್ಟು ತೊಳೆಯುವಾಗ, ತಣ್ಣೀರಿಗೆ ಕಣ್ಣು ಒಂದು ಕಡೆ, ಬಿಸಿನೀರಿಗೆ ಇನ್ನೊಂದು ಕಡೆ ಹೊಡೆದುಕೊಳ್ಳುವುದನ್ನು ಕಂಡರು. ಸಮತೋಲದ ಗುಟ್ಟು ಅಲ್ಲಿ ಸಿಕ್ಕಿತು. 1914ರ ನೊಬೆಲ್ ಪ್ರಶಸ್ತಿ ಅವರಿಗೆ ಬಂದಾಗ ಅವರು ರಷ್ಯಾದ ಸೆರೆಶಿಬಿರದಲ್ಲಿ ಯುದ್ಧಕೈದಿ. 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್, ಅತ್ತೆಯನ್ನು ಮಲಗಿಸಿದ ಆ ಮೊದಲ ಪರೀಕ್ಷೆಯನ್ನು ವಿವರಿಸಿದರು. ಹರಳನ್ನು ವಾಪಸು ಉರುಳಿಸುವ ಉಪಾಯ ಅಮೆರಿಕದ ಜಾನ್ ಎಪ್ಲಿ ಅವರದು. 1980ರಲ್ಲಿ ಅವರು ಅದನ್ನು ಸಭೆಯ ಮುಂದಿಟ್ಟರೆ ಸಹವೈದ್ಯರು ನಂಬಲಿಲ್ಲ, ಪತ್ರಿಕೆಗಳು ಲೇಖನವನ್ನು ತಿರುಗಿ ಕಳಿಸಿದವು. ಅಚ್ಚಾಗಲು 1992 ಬರಬೇಕಾಯಿತು. ಈಗ ಆ ಕ್ರಮ ಜಗತ್ತಿನ ಎಲ್ಲ ಕಡೆ ಅವರ ಹೆಸರಿನಲ್ಲೇ ಇದೆ. ಒಂದು ಮಂಚ, ಎರಡು ಕೈ ಸಾಕಾಗುವ ಚಿಕಿತ್ಸೆಗೆ ಹನ್ನೆರಡು ವರ್ಷದ ಅವಮಾನ ತೆತ್ತ ಆ ಮನುಷ್ಯನನ್ನು ನೆನೆದರೆ ನನ್ನ ಕೈ ತಾನಾಗಿ ಮುಗಿಯುತ್ತದೆ.

ಇನ್ನೊಂದು ಜಾತಿಯ ತಲೆಸುತ್ತು ಇದೆಯಲ್ಲ, ಅದರ ಕತೆ ನಮ್ಮ ಮನೆಯಲ್ಲೇ ನಡೆದದ್ದು. ಹದಿನಾಲ್ಕು ವರ್ಷದ ಹಿಂದೆ ಅತ್ತೆಯ ಯಜಮಾನರು, ನಮ್ಮ ಮಾವ, ಒಂದು ಸಂಜೆ ತೋಟದಿಂದ ತೂರಾಡುತ್ತ ಬಂದರು. ವಾಂತಿ ಮಾಡಿಕೊಂಡರು. ಪಿತ್ತವೇ ಇರಬೇಕೆಂದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸಿದೆವು. ಬೆಳಿಗ್ಗೆ ಎದ್ದಾಗ ಮಾತು ತೊದಲುತ್ತಿತ್ತು, ನೀರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಲಕ್ವ ಎಂದರೆ ಕೈಕಾಲು ಬೀಳುವುದು, ಬಾಯಿ ಸೊಟ್ಟಗಾಗುವುದು ಎಂದಷ್ಟೇ ನಮಗೆ ಗೊತ್ತಿತ್ತು. ಮೆದುಳಿನ ಹಿಂಭಾಗದ ರಕ್ತನಾಳ ಕಟ್ಟಿಕೊಂಡರೆ ಅದು ಬರೀ ತಲೆಸುತ್ತಿನ ವೇಷದಲ್ಲಿ ಬರಬಹುದೆಂದು ಯಾರೂ ಹೇಳಿರಲಿಲ್ಲ.

ಇಂಥ ಬಿಡದ ಸುತ್ತಿನಲ್ಲಿ ನರರೋಗ ತಜ್ಞರು ಮಾಡುವ ಒಂದು ಪರೀಕ್ಷೆ ನನಗೆ ಬಹಳ ಸೋಜಿಗ ತಂದಿತು. ರೋಗಿ ಎದುರಿನವರ ಮೂಗನ್ನು ನೋಡುತ್ತಿರುವಾಗ ತಲೆಯನ್ನು ಥಟ್ಟನೆ ಸ್ವಲ್ಪ ತಿರುಗಿಸುತ್ತಾರೆ. ತೊಂದರೆ ಕಿವಿಯದಾದರೆ ಕಣ್ಣು ತಪ್ಪಿಹೋಗಿ ಮತ್ತೆ ಜಿಗಿದು ಮೂಗಿಗೆ ಬರುತ್ತದೆ. ಕಣ್ಣು ಕದಲದೆ ನೆಟ್ಟಗೆ ನಿಂತಿತೋ, ವೈದ್ಯರ ಎದೆ ಧಸಕ್ಕೆನ್ನುತ್ತದೆ, ಯಾಕೆಂದರೆ ಆಗ ಕಿವಿ ಸರಿಯಿದೆ, ಅನುಮಾನ ಮೆದುಳಿನ ಮೇಲೆ. ಇಂಥ ಮೂರು ಕಣ್ಣಿನ ಪರೀಕ್ಷೆಗಳು ಸೇರಿದರೆ ಮೊದಲ ದಿನದ ಎಂ.ಆರ್.ಐ.ಗಿಂತಲೂ ಚೆನ್ನಾಗಿ ಸ್ಟ್ರೋಕ್ ಹಿಡಿಯಬಲ್ಲವೆಂದು 2009ರಲ್ಲಿ ಒಂದು ಅಧ್ಯಯನ ತೋರಿಸಿತು. ಪಳಗಿದ ಕಣ್ಣು ಮಾತ್ರ ಬೇಕು.

ಆ ಪಳಗಿದ ಕಣ್ಣು ನಮ್ಮ ಕಡೆ ಅಪರೂಪ. ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಮೇಲೆ ಎಂ.ಡಿ. ಮೂರು, ಅದರ ಮೇಲೆ ಡಿ.ಎಂ. ಮೂರು ವರ್ಷ ಓದಿದರೆ ಒಬ್ಬ ನರರೋಗ ತಜ್ಞ ತಯಾರಾಗುತ್ತಾನೆ. ಹಾಗೆ ಓದಿದವರು ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಉಳಿಯುತ್ತಾರೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನೋ, ರೋಗ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿ.ಟಿ. ಮಾಡಿ ರಕ್ತಸ್ರಾವ ಇಲ್ಲವೆಂದು ನೋಡಬೇಕು. ಸ್ಟ್ರೋಕ್ ಆದ ಮೆದುಳಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆಂಬ ಲೆಕ್ಕವಿದೆ. ಹಿರಿಯೂರಿನವರಿಗೆ ಹೆದ್ದಾರಿಯಾದರೂ ಇದೆ. ಬೆಂಗಳೂರು 160 ಕಿ.ಮೀ. ಆಸುಪಾಸು. ಹೊಸದುರ್ಗದ ಒಳಹಳ್ಳಿಯಿಂದ ಹೊಳಲ್ಕೆರೆ ದಾಟಿ ದುರ್ಗ ಮುಟ್ಟುವಷ್ಟರಲ್ಲೇ, ಗಾಡಿ ಹುಡುಕುವ ಹೊತ್ತೂ ಸೇರಿ, ಆ ನಾಲ್ಕೂವರೆ ಗಂಟೆಯ ಅರ್ಧ ಕರಗಿರುತ್ತದೆ.

ಇದಕ್ಕೆ ದಾರಿ ತೋರಿದವರು ಕರ್ನಾಟಕದಲ್ಲೇ ಇದ್ದಾರೆ. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗ ಕಟ್ಟಿದವರು ಡಾ. ಕೆ. ಎಸ್. ಮಣಿ. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ 1,02,557 ಜನರನ್ನು ಸಮೀಕ್ಷೆ ಮಾಡಿದಾಗ, ನರರೋಗಗಳ ಪ್ರಮಾಣ ಪೇಟೆಗಿಂತ ಹಳ್ಳಿಯಲ್ಲಿ ಸುಮಾರು ಎರಡು ಪಟ್ಟು ಕಂಡಿತು. ರೋಗ ಹಳ್ಳಿಯಲ್ಲಿ, ವೈದ್ಯ ಪೇಟೆಯಲ್ಲಿ. ವೈದ್ಯರೇ ಬಸ್ಸು ಹತ್ತಬೇಕೆಂಬ ಹಂಬಲದಿಂದ ನಿಮ್ಹಾನ್ಸ್ ತಂಡ 1980ರ ದಶಕದಲ್ಲೇ ಗೌರಿಬಿದನೂರಿಗೆ ಹೋಗಿ ತಿಂಗಳ ಶಿಬಿರ ನಡೆಸತೊಡಗಿತು. 2022ರ ಜನವರಿಯಲ್ಲಿ ಶುರುವಾದ ಕರ್ನಾಟಕ ಮೆದುಳು ಆರೋಗ್ಯ ಯೋಜನೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಸ್ಟ್ರೋಕ್, ಮೂರ್ಛೆ, ತಲೆನೋವು, ಮರೆವಿನ ರೋಗ ಗುರುತಿಸಲು ಕಲಿಸುತ್ತಿದೆ. ತಲೆ ಹಿಡಿದು ಮಲಗಿಸಿ ಕಣ್ಣು ನೋಡುವ ಆ ಹತ್ತು ನಿಮಿಷದ ವಿದ್ಯೆಯೂ ತಾಲ್ಲೂಕು ಆಸ್ಪತ್ರೆಗಳಿಗೆ ಬರಲಿ ಎಂದು ನನ್ನ ಆಸೆ. ಅದಕ್ಕೆ ಯಂತ್ರ ಬೇಡ, ಕಟ್ಟಡ ಬೇಡ.

ಅಂದು ವಾಪಸು ಬರುವಾಗ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ದಾರಿಯುದ್ದಕ್ಕೂ ಸುಮ್ಮನಿದ್ದ ಅತ್ತೆ, "ನಿಮ್ಮ ಮಾವಂದೂ ಅವತ್ತು ಯಾರಾನ ಹಿಂಗೆ ಕಣ್ಣು ನೋಡಿದ್ರೆ ಗೊತ್ತಾಗ್ತಿತ್ತೇನೋ" ಎಂದರು. ನಾನು ಮಾತಾಡಲಿಲ್ಲ. ಅವರೂ ಉತ್ತರಕ್ಕೆ ಕಾಯಲಿಲ್ಲ.

ಹದಿನೈದು ದಿನ ಬಿಟ್ಟು ತೋಟಕ್ಕೆ ಹೋದೆ. ಮಾವ ನೆಟ್ಟ ಸಾಲಿನಲ್ಲಿ ಕಾಯಿ ಕೀಳುತ್ತಿದ್ದರು. ಅತ್ತೆ ಒಂದು ಕೈ ಮರಕ್ಕೆ ಕೊಟ್ಟು ನಿಂತಿದ್ದರು, ಇನ್ನೂ ಪೂರ್ತಿ ಧೈರ್ಯ ಬಂದಿರಲಿಲ್ಲ. ಆಮೇಲೆ ನಿಧಾನವಾಗಿ ಕತ್ತೆತ್ತಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ತುದಿಯವರೆಗೂ ನೋಡಿದರು. "ಏ, ಅದು ಬ್ಯಾಡ ಕಣಪ್ಪಾ, ಇನ್ನೂ ಎಳೇದೈತೆ. ಆ ಕಡೀದು ತೆಗಿ."