ಒಂದಿಂಚು ಥರ್ಮಾಕೋಲ್

ಚನ್ನಮ್ಮನ ಕಿತ್ತೂರಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಹತ್ತುವ ಹೊತ್ತಿಗೆ ಹೆಲ್ಮೆಟ್ ತಲೆಗೇರುತ್ತದೆ. ಹೆದ್ದಾರಿ ಇಳಿದು ಬೈಲಹೊಂಗಲದ ರಸ್ತೆ ಹಿಡಿದ ಕೂಡಲೇ ಅದು ಪೆಟ್ರೋಲ್ ಟ್ಯಾಂಕಿನ ಮೇಲೆ ಬಂದು ಕೂರುತ್ತದೆ, ಇಲ್ಲವೇ ಕನ್ನಡಿಗೆ ಜೋತುಬೀಳುತ್ತದೆ. ಪೊಲೀಸರು ಎಲ್ಲಿ ನಿಲ್ಲುತ್ತಾರೆ ಎಂಬ ಲೆಕ್ಕದ ಮೇಲೆ ಇದೆಲ್ಲ ನಡೆಯುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದಾಗ ಹೆಲ್ಮೆಟ್ ಇಲ್ಲದಿದ್ದರೆ 1,000 ರೂಪಾಯಿ ದಂಡ ಎಂದಾಯಿತು. ಕರ್ನಾಟಕ ಅದನ್ನು ಅದೇ ವರ್ಷ 500ಕ್ಕೆ ಇಳಿಸಿತು. ದಂಡ ತಪ್ಪಿಸಲೆಂದೇ ಕೊಳ್ಳುವವರ ಕೈ ದಂಡಕ್ಕಿಂತ ಸೋವಿಯಾದದ್ದನ್ನೇ ಹುಡುಕುತ್ತದೆ. ರಸ್ತೆ ಬದಿ ಹಗ್ಗಕ್ಕೆ ಸಾಲಾಗಿ ನೇತುಹಾಕಿ ಮಾರುವ ಮಾಲು ಖರ್ಚಾಗುವುದು ಹೀಗೆ.

ಬೇಡ ಎನ್ನುವವರ ವಾದವೂ ಒಂದಿದೆ. "ಹೊಲಕ್ಕ ಹೋಗಿ ಬರೋದ್ರಿ, ಮೂವತ್ತರ ಮ್ಯಾಲ ಗಾಡಿ ಓಡಸಂಗಿಲ್ಲ, ಎದಕ್ಕ ಬೇಕು?" ಕೇಳಲು ಸರಿಯಾಗಿಯೇ ಇದೆ. ಆದರೆ ತಲೆ ನೆಲಕ್ಕೆ ಬಡಿಯುವ ವೇಗಕ್ಕೂ ಸ್ಪೀಡೋಮೀಟರಿನ ಮುಳ್ಳಿಗೂ ನಾವು ಅಂದುಕೊಂಡಷ್ಟು ಸಂಬಂಧವಿಲ್ಲ. ಗಾಡಿಯ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಮಳೆಗಾಲದ ಎರೆ ಮಣ್ಣಿನ ಕೆಸರಿನಲ್ಲಿ ಮುಂದಿನ ಗಾಲಿ ಜಾರಿತು ಅನ್ನಿ. ಅಷ್ಟು ಎತ್ತರದಿಂದ ಬೀಳುವ ತಲೆ ನೆಲ ಮುಟ್ಟುವಾಗ ಗಂಟೆಗೆ ಹತ್ತಿರ ಹತ್ತಿರ 20 ಕಿ.ಮೀ. ವೇಗದಲ್ಲಿರುತ್ತದೆ. ಈ ವೇಗ ಕೊಡುವುದು ಭೂಮಿಯ ಸೆಳೆತ. ಗಾಡಿ ನಿಂತೇ ಇದ್ದರೂ ಇದು ಕಡಿಮೆಯಾಗದು. ಗಾಡಿಯ ಓಟದ ವೇಗ ಹೆಚ್ಚಿನಂಶ ಮೈಯನ್ನು ರಸ್ತೆಯುದ್ದಕ್ಕೂ ಉಜ್ಜಿಕೊಂಡು ಹೋಗುವುದರಲ್ಲಿ ಕಳೆಯುತ್ತದೆ.

ಹೆಲ್ಮೆಟ್ ಪರೀಕ್ಷಿಸುವ ಪ್ರಯೋಗಾಲಯಗಳು ನಂಬಿರುವುದೂ ಇದೇ ಲೆಕ್ಕವನ್ನು. ವಿಶ್ವಸಂಸ್ಥೆಯ ನಿಯಮದಡಿ ಯುರೋಪಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪರೀಕ್ಷೆಯಲ್ಲಿ ಲೋಹದ ತಲೆಗೆ ಹೆಲ್ಮೆಟ್ ತೊಡಿಸಿ ಸೆಕೆಂಡಿಗೆ 7.5 ಮೀಟರ್, ಅಂದರೆ ಗಂಟೆಗೆ 27 ಕಿ.ಮೀ. ವೇಗದಲ್ಲಿ ಉಕ್ಕಿನ ಅಡಿಗಲ್ಲಿಗೆ ಬಡಿಸುತ್ತಾರೆ. ನಮ್ಮ ಕಡೆಯ ಮಣ್ಣಿನ ಮಾಳಿಗೆಯಿಂದ ಕೆಳಗೆ ಬಿದ್ದರೆ ಹೆಚ್ಚುಕಡಿಮೆ ಅಷ್ಟೇ ವೇಗ. ಮಾಳಿಗೆಯಿಂದ ಹೊಟ್ಟಿನ ರಾಶಿಗೆ ಹಾರಿದ ಹುಡುಗ ಎದ್ದು ನಗುತ್ತಾನೆ, ಅಂಗಳದ ಹಾಸುಗಲ್ಲಿಗೆ ಬಿದ್ದವನು ಆಸ್ಪತ್ರೆ ಸೇರುತ್ತಾನೆ. ವೇಗ ಒಂದೇ ಇದ್ದರೂ ನಿಲ್ಲಲು ಸಿಕ್ಕ ಜಾಗ ಬೇರೆ.

ಆ ಜಾಗವನ್ನು ಅಂಕಿಯಲ್ಲಿಟ್ಟು ನೋಡೋಣ. ಬರಿದಲೆ ಡಾಂಬರಿಗೆ ಬಡಿದರೆ ಚರ್ಮ ಚಪ್ಪಟೆಯಾಗಿ ಎಲುಬು ತುಸು ಬಾಗಿ ಹೆಚ್ಚೆಂದರೆ ಮೂರು ಮಿಲಿಮೀಟರ್ ಸಿಕ್ಕೀತು. ಸೆಕೆಂಡಿಗೆ 7.5 ಮೀಟರಿನಿಂದ ಸೊನ್ನೆಗೆ ಇಳಿಯಲು ಅಷ್ಟೇ ದೂರವೆಂದರೆ ತಲೆಯ ಮೇಲಿನ ಹೊಡೆತ ಗುರುತ್ವದ ಸುಮಾರು 950 ಪಟ್ಟು. ಅದೇ ತಲೆಗೆ 25 ಮಿಲಿಮೀಟರ್ ಸಿಕ್ಕರೆ ಹೊಡೆತ ಸುಮಾರು 115 ಪಟ್ಟಿಗೆ ಇಳಿಯುತ್ತದೆ. ಆ ಯುರೋಪಿನ ಪರೀಕ್ಷೆ ಒಪ್ಪುವ ಗರಿಷ್ಠ ಮಿತಿ 275. ಅಂಗಡಿಯಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳುವುದು ಈ ಒಂದಿಂಚು ದೂರವನ್ನು. ಹೊರಗಿನ ಹೊಳಪು, ಬೆಂಕಿಯ ಚಿತ್ರ, ಹಿಂದೆ ಅಂಟಿಸಿದ ಬಾಲ ಇವೆಲ್ಲ ಬಣ್ಣದವನ ಕೆಲಸ.

ಆ ಒಂದಿಂಚು ಇರುವುದು ಚಿಪ್ಪಿನ ಒಳಗಿನ ಥರ್ಮಾಕೋಲಿನಲ್ಲಿ. ಟಿವಿ ಡಬ್ಬಿಯಲ್ಲಿ ಬರುವಂಥದ್ದೇ ವಸ್ತು, ಇನ್ನಷ್ಟು ಒತ್ತಾಗಿ ಮಾಡಿದ್ದು. ಆದರೂ ಅದರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಬರೀ ಗಾಳಿ. ಪೆಟ್ಟು ಬಿದ್ದಾಗ ಅದರ ಸಣ್ಣ ಸಣ್ಣ ಗಾಳಿಗೂಡುಗಳು ಸಾಲುಸಾಲಾಗಿ ಕುಸಿದು ಶಕ್ತಿಯನ್ನು ತಿಂದುಹಾಕುತ್ತವೆ. ಸ್ಪಂಜಿನ ಹಾಗೆ ಅದು ಮತ್ತೆ ಉಬ್ಬುವುದಿಲ್ಲ, ಉಬ್ಬಬಾರದು ಕೂಡ. ಉಬ್ಬಿದರೆ ನುಂಗಿದ ಶಕ್ತಿಯನ್ನು ತಲೆಗೇ ವಾಪಸು ಕೊಟ್ಟಂತೆ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆಂದ ಕಂಡರೂ ಅದರ ಆಯುಷ್ಯ ಮುಗಿದಿರುತ್ತದೆ. ಯಾರೋ ಬಳಸಿದ್ದನ್ನು ಅರ್ಧ ಬೆಲೆಗೆ ಕೊಳ್ಳುವುದು ಈ ಕಾರಣಕ್ಕೇ ದಡ್ಡತನ. ಕನ್ನಡಿಗೆ ಸಿಕ್ಕಿಸಿದರೂ ಕನ್ನಡಿಯ ಕೊನೆ ಚುಚ್ಚಿ ಥರ್ಮಾಕೋಲಿನಲ್ಲಿ ಗುಳಿ ಬೀಳುತ್ತದೆ. ಪೆಟ್ರೋಲ್ ತಾಗಿದರಂತೂ ಅದು ಕರಗಿಯೇ ಹೋಗುತ್ತದೆ; ಹಳೆಯ ಥರ್ಮಾಕೋಲ್ ತುಂಡಿನ ಮೇಲೆ ನಾಲ್ಕು ಹನಿ ಬಿಟ್ಟರೆ ಕಣ್ಣೆದುರೇ ಗೊತ್ತಾಗುತ್ತದೆ. ಎಣ್ಣೆ ಕಲೆ ಹೋಗಲಿ ಎಂದು ಹೆಲ್ಮೆಟ್ಟನ್ನು ಪೆಟ್ರೋಲಿನ ಬಟ್ಟೆಯಲ್ಲಿ ಒರೆಸುವವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಕೊಳ್ಳುವಾಗ ಮೊದಲು ಒಳಗಿನ ಬಟ್ಟೆಯ ಅಂಚನ್ನು ಬೆರಳಿನಿಂದ ಸರಿಸಿ ನೋಡಿ. ಸ್ಪಂಜಿನ ಹಿಂದೆ ಬಿಳಿಯ ಇಲ್ಲವೇ ಕರಿಯ ಥರ್ಮಾಕೋಲಿನ ದಪ್ಪ ಗೋಡೆ ನೆತ್ತಿ, ಹಣೆ, ಹಿಂದಲೆ ಎಲ್ಲ ಕಡೆ ಸಿಗಬೇಕು. ಸೋವಿ ಮಾಲಿನಲ್ಲಿ ಸ್ಪಂಜನ್ನು ನೇರವಾಗಿ ಪ್ಲಾಸ್ಟಿಕ್ಕಿಗೇ ಅಂಟಿಸಿರುತ್ತಾರೆ. ಹೆಬ್ಬೆರಳಿನಿಂದ ಒತ್ತಿದರೆ ಸ್ಪಂಜು ಸುಮ್ಮನೆ ಕೂತುಬಿಡುತ್ತದೆ. ನಿಮ್ಮ ಹೆಬ್ಬೆರಳಿಗೇ ಸೋತದ್ದು ಬಿದ್ದಾಗ ಏನನ್ನು ತಡೆದೀತು?

ಹೆಲ್ಮೆಟ್ಟಿಗೆ ವಿಜ್ಞಾನ ಕೈಹಾಕಿದ್ದು ಸಾಕಷ್ಟು ತಡವಾಗಿ. ಅರೇಬಿಯಾದ ಲಾರೆನ್ಸ್ ಎಂದೇ ಹೆಸರಾದ ಟಿ.ಇ. ಲಾರೆನ್ಸ್ 1935ರಲ್ಲಿ ಮೋಟಾರ್‌ಸೈಕಲ್ಲಿನಿಂದ ಬಿದ್ದು ತೀರಿಕೊಂಡಾಗ ಚಿಕಿತ್ಸೆಗೆ ಬಂದ ವೈದ್ಯರಲ್ಲಿ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಸೇನೆಯ ಮೋಟಾರ್‌ಸೈಕಲ್ ಸವಾರರ ಪ್ರಕರಣಗಳನ್ನು ಕೂಡಿಹಾಕಿ ಅವರು 1941ರಲ್ಲಿ ಹೆಲ್ಮೆಟ್ ಬೇಕೇಬೇಕೆಂದು ಬರೆದರು. ನನಗೆ ಹೆಚ್ಚು ಹಿಡಿಸುವುದು ಆಕ್ಸ್‌ಫರ್ಡಿನಲ್ಲಿ ಅವರ ಜೊತೆಗಿದ್ದ ಭೌತವಿಜ್ಞಾನಿ ಹೋಲ್ಬರ್ನ್ ಮಾಡಿದ ಕೆಲಸ. ಮೇಣದ ಬುರುಡೆಯೊಳಗೆ ಜೆಲಾಟಿನ್ನಿನ ಮಿದುಳು ಮಾಡಿಟ್ಟು ಅದನ್ನು ಗಕ್ಕನೆ ತಿರುಗಿಸಿ, ಎಲ್ಲೆಲ್ಲಿ ಅದು ಎಳೆದಾಡುತ್ತದೆ ಎಂದು ಅವರು ನೋಡಿದರು. 1943ರಲ್ಲಿ ಪ್ರಕಟವಾದ ಅವರ ತೀರ್ಮಾನ ಇದು: ಮಿದುಳನ್ನು ನೇರವಾಗಿ ಅದುಮುವುದು ಕಷ್ಟ, ತಿರುಚುವುದು ಬಲು ಸುಲಭ. ಬುರುಡೆ ತಟ್ಟನೆ ತಿರುಗಿದಾಗ ಒಳಗಿನ ಮೆತ್ತನೆಯ ಮಿದುಳು ಹಿಂದೆ ಉಳಿಯುತ್ತದೆ, ನಡುವಿನ ರಕ್ತನಾಳಗಳು ಹರಿದುಹೋಗುತ್ತವೆ. ರಸ್ತೆಯಲ್ಲಿ ತಲೆ ಓರೆಯಾಗಿ ಉಜ್ಜಿಕೊಂಡು ಬೀಳುವುದರಿಂದ ಈ ತಿರುಚು ಇದ್ದೇ ಇರುತ್ತದೆ. ಆದರೂ ಓರೆ ಪೆಟ್ಟಿನಲ್ಲಿ ಈ ತಿರುಚನ್ನು ಅಳೆಯುವ ಪರೀಕ್ಷೆ ಯುರೋಪಿನ ನಿಯಮಕ್ಕೆ ಸೇರಿದ್ದು 2020ರ ಪರಿಷ್ಕರಣೆಯಲ್ಲಿ. ಸ್ವೀಡನ್ನಿನಲ್ಲಿ ಹುಟ್ಟಿದ 'ಮಿಪ್ಸ್' ಎಂಬ ಜಾರುವ ಒಳಪದರ ಈ ತಿರುಚನ್ನು ತಗ್ಗಿಸುವ ಉದ್ದೇಶದ್ದು. ಬೆಲೆ ಹೆಚ್ಚು, ತಾಲ್ಲೂಕಿನ ಅಂಗಡಿಗಳಲ್ಲಿ ಕೇಳಿದೊಡನೆ ಸಿಗುವ ಮಾಲಲ್ಲ. ಅದಕ್ಕಾಗಿ ಕೊಳ್ಳುವುದನ್ನೇ ಮುಂದೂಡುವ ಅಗತ್ಯವೂ ಇಲ್ಲ.

ಅದಕ್ಕಿಂತ ಮೊದಲು ನೋಡಬೇಕಾದ್ದು ಅಳತೆ. ಅಂಗಡಿಯಲ್ಲಿ ಇಂಥ ಮಾತುಕತೆ ನಡೆಯುತ್ತಿರುತ್ತದೆ:

"ಕಾಕಾರ, ಟೊಪಗಿ ತಗೀರಿ."

"ಟೊಪಗಿ ಇರ್ಲಿ ಬಿಡಪಾ, ಒಂದ್ ಸೈಜ್ ದೊಡ್ಡದು ಕೊಡು."

"ಕೊಡಾಕೇನ್ರಿ, ಬಿದ್ದಾಗ ಅದೊಂದು ಕಡೆ ನೀವೊಂದು ಕಡೆ ಆಗತೀರಿ."

"ಇದು ಗಲ್ಲ ಒತ್ತತೈತೋ."

"ಒತ್ತಬೇಕ್ರೀ. ದಿನಾ ಹಾಕ್ಕೊಂಡ್ರ ಸ್ಪಂಜ್ ತಾನ ಕೂಡತೈತಿ."

ಅಂಗಡಿಯವನ ಮಾತು ಸರಿ. ಗಾಂಧಿ ಟೊಪಗಿಯ ಮಡಿಕೆಯಾಗಲಿ, ರುಮಾಲಿನ ಸುತ್ತಾಗಲಿ, ಹೆಂಗಸರ ತುರುಬಾಗಲಿ, ಹೆಲ್ಮೆಟ್ಟನ್ನು ತಲೆಯಿಂದ ಮೇಲೆತ್ತಿ ಹಿಡಿಯುತ್ತವೆ. ಪೆಟ್ಟು ಬಿದ್ದಾಗ ಅದು ಹೊರಳುತ್ತದೆ ಇಲ್ಲವೇ ಕಳಚಿಹೋಗುತ್ತದೆ. ಬೆವರಿಗೆ ತೆಳ್ಳನೆಯ ಹತ್ತಿ ಬಟ್ಟೆಯೊಂದು ಸಾಕು. ಸಿಂಪಿಗರ ಟೇಪಿನಿಂದ ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ಹಿಂದಲೆಯ ಉಬ್ಬಿನ ಸುತ್ತ ಅಳತೆ ತೆಗೆದುಕೊಂಡು ಹೋಗಿ. ಹೆಲ್ಮೆಟ್ಟಿನ ಮೇಲೆ ಮಿಲಿಮೀಟರಿನಲ್ಲಿ 580, 600 ಎಂದು ಬರೆದಿರುತ್ತದೆ. ತಲೆಯ ಆಕಾರ ಎಲ್ಲರದೂ ಒಂದೇ ಅಲ್ಲ, ಹಾಗಾಗಿ ಅಂಕಿ ಸರಿಹೊಂದಿದರೂ ಹಾಕಿ ನೋಡಲೇಬೇಕು. ಹಾಕಿಕೊಂಡು ಎರಡೂ ಕೈಯಿಂದ ಎಡಬಲ ತಿರುಗಿಸಿದರೆ ಗಲ್ಲ, ಹಣೆಯ ಚರ್ಮ ಅದರ ಜೊತೆಗೇ ಜಗ್ಗಬೇಕು. ಪಟ್ಟಿ ಬಿಗಿದು ಹಿಂದಿನ ಅಂಚನ್ನು ಮೇಲಕ್ಕೆತ್ತಿ ಮುಂದಕ್ಕೆ ತಳ್ಳಿದರೆ ಕಳಚಿ ಬರಬಾರದು. ಹತ್ತು ನಿಮಿಷ ಹಾಕಿಕೊಂಡೇ ಇರಿ. ಹಣೆಯ ಒಂದೇ ಜಾಗದಲ್ಲಿ ನೋವು ಕಂಡರೆ ಆ ಮಾದರಿ ನಿಮ್ಮ ತಲೆಗಲ್ಲ. ಪಟ್ಟಿ ಕಟ್ಟದೆ ಬರೀ ತಲೆ ಮೇಲೆ ಇಟ್ಟುಕೊಂಡು ಹೋಗುವವರ ಬಗ್ಗೆ ಭೌತಶಾಸ್ತ್ರಕ್ಕೆ ಹೇಳಲು ಏನೂ ಉಳಿದಿಲ್ಲ.

ಗದ್ದ ಮುಚ್ಚಬೇಕೇ ಬೇಡವೇ? ಜರ್ಮನಿಯ ಹ್ಯಾನೋವರಿನಲ್ಲಿ ಡೀಟ್ಮಾರ್ ಓಟೆ ಎಂಬ ಸಂಶೋಧಕರು ಅಪಘಾತಕ್ಕೀಡಾದ ಹೆಲ್ಮೆಟ್‌ಗಳ ಮೇಲೆ ಪೆಟ್ಟು ಎಲ್ಲೆಲ್ಲಿ ಬಿದ್ದಿದೆ ಎಂದು ಗುರುತು ಹಾಕುತ್ತ ಹೋದಾಗ, ಮೂರರಲ್ಲಿ ಒಂದು ಪಾಲು ಸಿಕ್ಕಿದ್ದು ಗದ್ದ–ದವಡೆಯ ಭಾಗದಲ್ಲಿ. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಓಡಾಡುವವರಿಗೆ ಪೂರ್ತಿ ಮುಚ್ಚುವ ಹೆಲ್ಮೆಟ್ ಕಷ್ಟವೇ ಸರಿ. ಆದರೂ ನನ್ನ ಮತ ಅದಕ್ಕೇ. ಕಿವಿಯ ಮೇಲೇ ಮುಗಿದುಹೋಗುವ ಬಟ್ಟಲಿನಂಥ ಅರ್ಧ ಹೆಲ್ಮೆಟ್ಟನ್ನು ಲೆಕ್ಕಕ್ಕೇ ಹಿಡಿಯಬೇಡಿ. ಹಾರ್ನ್ ಕೇಳುವುದಿಲ್ಲ ಎಂಬ ದೂರಿಗೂ ಹೆಚ್ಚು ಬಲವಿಲ್ಲ. ಹೆಲ್ಮೆಟ್ ಹಾರ್ನಿನ ಸದ್ದನ್ನು ತಗ್ಗಿಸುವಂತೆಯೇ ಗಾಳಿಯ ಸದ್ದನ್ನೂ ತಗ್ಗಿಸುತ್ತದೆ, ವೇಗ ಹೆಚ್ಚಿದಾಗ ಕಿವಿ ತುಂಬುವುದು ಗಾಳಿಯೇ.

ಇಲ್ಲಿಯ ರಸ್ತೆಗಳಿಗೆ ಬೇರೆಯದೇ ಒಂದು ಚಿಂತೆಯಿದೆ. ಕಬ್ಬಿನ ಹಂಗಾಮು ಶುರುವಾದರೆ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಯ ಕಡೆಗೆ ಜೋಡಿ ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಸಾಗುತ್ತವೆ. ಹಿಂದೆ ದೀಪವಿಲ್ಲ, ಕಬ್ಬಿನ ತುದಿ ಟ್ರಾಲಿ ಮೀರಿ ಚಾಚಿಕೊಂಡಿರುತ್ತದೆ. ನಿಂತ ಟ್ರಾಲಿಗೆ 60ರಲ್ಲಿ ಹೋಗಿ ಗುದ್ದಿದರೆ ಮೇಲೆ ಹೇಳಿದ ಬೀಳುವ ಲೆಕ್ಕ ಅನ್ವಯಿಸುವುದಿಲ್ಲ. ಪರೀಕ್ಷೆಯ ವೇಗಕ್ಕೆ ಹೋಲಿಸಿದರೆ ಅಲ್ಲಿ ಶಕ್ತಿ ಐದು ಪಟ್ಟು. ಒಂದಿಂಚು ಥರ್ಮಾಕೋಲ್ ಅಷ್ಟನ್ನು ನುಂಗಲಾರದು. ಅಲ್ಲಿ ಕೆಲಸಕ್ಕೆ ಬರುವುದು ಟ್ರಾಲಿಯನ್ನು ಮೊದಲೇ ಕಾಣಗೊಡುವ ಹೆಲ್ಮೆಟ್ಟಿನ ಗಾಜು. ಕಪ್ಪು ಗಾಜು ಹಗಲಿಗೆ ಚೆಂದ, ರಾತ್ರಿ ಅದು ಇರುವ ಬೆಳಕನ್ನೂ ಕಿತ್ತುಕೊಳ್ಳುತ್ತದೆ. ಬಿಳಿ ಗಾಜನ್ನೇ ತೆಗೆದುಕೊಳ್ಳಿ. ಎರೆ ಭೂಮಿಯ ದೂಳು ಕೂತಾಗ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ನೀರು ಹಾಕಿ ತೊಳೆಯಿರಿ. ಉಜ್ಜಿದ ಗೀರುಗಳ ಮೇಲೆ ಎದುರಿನ ದೀಪ ಬಿದ್ದರೆ ರಸ್ತೆಯೇ ಕಾಣದು. ಗೀರಾದ ಗಾಜನ್ನಷ್ಟೇ ಬದಲಿಸಿಕೊಳ್ಳಬಹುದು.

ಬಣ್ಣವೂ ಬರೀ ಶೋಕಿಯಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕರಿ ಹೆಲ್ಮೆಟ್ ಹಾಕಿದವರಿಗಿಂತ ಬಿಳಿ ಹೆಲ್ಮೆಟ್ಟಿನವರಿಗೆ ಗಾಯದ ಅಪಾಯ 24 ಪ್ರತಿಶತ ಕಡಿಮೆ ಕಂಡಿತು. ಎದುರಿನವರ ಕಣ್ಣಿಗೆ ಬೇಗ ಬೀಳುವುದು ಅದಕ್ಕೆ ಕಾರಣವಿರಬೇಕು. ಏಪ್ರಿಲ್ ಬಿಸಿಲಿನಲ್ಲಿ ರಾಮದುರ್ಗದ ಕಡೆ ಓಡಾಡುವವರಿಗೆ ಬಿಳಿ ಬಣ್ಣದಿಂದ ಕಾವು ಕಡಿಮೆ ಎಂಬ ಲಾಭ ಬೇರೆ.

ಇನ್ನು ಗುರುತು. 2021ರ ಜೂನ್ 1ರಿಂದ ದೇಶದಲ್ಲಿ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನುಬಾಹಿರ. ಗುರುತಿನ ಮೇಲೆ ಐಎಸ್ 4151 ಎಂದೂ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಬರೀ ಗುರುತಿನ ಸ್ಟಿಕರ್ ಯಾವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿಯೂ ಆಗುತ್ತದೆ. ಆ ಸಂಖ್ಯೆಯನ್ನು ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಅದು ಹೆಲ್ಮೆಟ್ಟಿನ ಮೇಲಿನ ಹೆಸರಿಗೆ ಹೊಂದಬೇಕು. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಕೆಲಸ.

ಮೂರು ಸಾವಿರ ರೂಪಾಯಿ ಇದ್ದರೆ ಒಂದೇ ದುಬಾರಿ ಹೆಲ್ಮೆಟ್ಟಿನ ಬದಲು ಐಎಸ್‌ಐ ಗುರುತಿನ ಎರಡನ್ನು ಕೊಳ್ಳಿ ಎನ್ನುತ್ತೇನೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಜನ. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಕರ್ನಾಟಕ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಗಾಡಿಗಳನ್ನು ನೋಡಿ: ಮುಂದಿನವನ ತಲೆ ಮೇಲೆ ಹೆಲ್ಮೆಟ್, ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕುಳಿತವಳ ತಲೆ ಮೇಲೆ ಸೆರಗು. ಹಿಡಿತ ಕಡಿಮೆ ಇರುವುದು ಅವಳಿಗೆ. ಗುಂಡಿ ಬರುವುದು ಮೊದಲೇ ಕಾಣದಿರುವುದೂ ಅವಳಿಗೇ. ಎರಡನೆಯದನ್ನು ಕೊಳ್ಳುವಾಗ ಅಂದಾಜಿನ ಮೇಲೆ ತರಬೇಡಿ, ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ತುರುಬನ್ನು ಬಿಚ್ಚಿ ಕುತ್ತಿಗೆಯ ಹತ್ತಿರ ಜಡೆ ಹೆಣೆದುಕೊಂಡು ಹೋದರೆ ಸರಿಯಾದ ಅಳತೆ ಸಿಗುತ್ತದೆ.