‘ನನಗೂ ಆಗಿತ್ತು ಕಣವ್ವ!’

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳೆಂದರೆ ನಮ್ಮ ಮನೆಗಳಲ್ಲಿ ಏನೇನು ನಡೆಯುತ್ತದೆ, ನಿಮಗೆ ಗೊತ್ತೇ ಇದೆ. ಪಕ್ಕದ ಮನೆಯವರು, ಎದುರು ಮನೆ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ‘ನನಗೂ ಮೊದಲನೇದರಲ್ಲಿ ಹೀಗೇ ಆಗಿತ್ತು, ಹೆದರಬೇಡ’ ಎನ್ನುತ್ತಾರೆ. ನೋವಿಗೆ ಡಾಕ್ಟರಮ್ಮ ಇದ್ದೇ ಇರುತ್ತಾರೆ. ಆದರೆ ಆ ಹುಡುಗಿಯ ಎದೆಯೊಳಗಿನ ಹೆದರಿಕೆಗೆ ಮದ್ದು ಈ ಹೆಂಗಸರ ಮಾತೇ ಅಲ್ಲವೇ?

ಈಗ ಇನ್ನೊಂದು ಮನೆಯನ್ನು ನೆನೆದುಕೊಳ್ಳಿ. ಆ ಮನೆಯ ಗೃಹಿಣಿಗೆ ಸ್ತನದಲ್ಲಿ ಗಂಟು. ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್. ಕ್ಯಾನ್ಸರ್ ಎಂಬ ಮಾತನ್ನೂ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ‘ಆ ಕಾಯಿಲೆಯಂತೆ’ ಎಂದು ಪಿಸುಮಾತು. ನೋಡಲು ಬಂದವರು ಕಾಫಿ ಕುಡಿದು, ‘ಪಾಪ’ ಎಂದು ನಿಟ್ಟುಸಿರುಬಿಟ್ಟು ಹೋಗುತ್ತಾರೆ. ‘ನನಗೂ ಆಗಿತ್ತು’ ಎನ್ನುವವರು ಒಬ್ಬರೂ ಇಲ್ಲ. ನಮ್ಮ ದೇಶದ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ಅಂದಮೇಲೆ ಊರಿನಲ್ಲಿ ಆದವರು ಇದ್ದೇ ಇರುತ್ತಾರೆ. ಹೇಳಿಕೊಂಡಿರುವುದಿಲ್ಲ, ಅಷ್ಟೆ!

ಈ ಮಾತನ್ನು ನಾನು ಬರೀ ಓದಿ ಬರೆಯುತ್ತಿಲ್ಲ. ನಮ್ಮ ಮನೆಯಲ್ಲೇ ಕಂಡದ್ದನ್ನು ಮೊದಲು ಹೇಳುತ್ತೇನೆ, ಕೇಳಿ.

ಪಕ್ಕದ ಮಂಚದ ಅಕ್ಕ

೨೦೧೯ರಲ್ಲಿ ನಮ್ಮ ಅತ್ತಿಗೆಗೆ, ಅಂದರೆ ದೊಡ್ಡಣ್ಣನ ಹೆಂಡತಿಗೆ, ಈ ಕಾಯಿಲೆ ಬಂತು. ಆಗ ಅವರಿಗೆ ೪೭ ವರ್ಷ. ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿತ್ತು. ನೋವಿರಲಿಲ್ಲ. ನೋವೇ ಇಲ್ಲದ ಮೇಲೆ ಎದೆ ತೋರಿಸಿಕೊಂಡು ಡಾಕ್ಟರ ಹತ್ತಿರ ಹೋಗುವುದು ಯಾಕೆ ಎಂದು ಐದು ತಿಂಗಳು ಸುಮ್ಮನಿದ್ದುಬಿಟ್ಟರು. ಮಗಳ ಮದುವೆಯ ಮಾತುಕತೆ ಬೇರೆ ನಡೆಯುತ್ತಿತ್ತು. ಗಂಡಿನ ಕಡೆಯವರಿಗೆ ತಿಳಿದರೆ ಏನು ಗತಿ! ಕೊನೆಗೆ ಬೆಂಗಳೂರಿನಲ್ಲಿ ಬಯಾಪ್ಸಿ ಮಾಡಿಸಿದಾಗ ವಿಷಯ ಗೊತ್ತಾಯಿತು. ಗಂಟು ದೊಡ್ಡದಾಗಿದೆ, ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್ ಎಂದರು. ಮೂರು ವಾರಕ್ಕೊಮ್ಮೆ ಕೀಮೋ. ಜೊತೆಗೆ ಹೋಗಿ ಧರ್ಮಶಾಲೆಯಲ್ಲಿ ಉಳಿಯುವ ಕೆಲಸ ನನ್ನದು. ಊರಿನಲ್ಲಿ ಕೇಳಿದವರಿಗೆಲ್ಲ ‘ಗರ್ಭಕೋಶದ ತೊಂದರೆ’ ಎಂದು ಹೇಳಿದ್ದೆವು.

ಎರಡನೇ ಕೀಮೋಗೆ ಹೋದ ದಿನ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಅತ್ತಿಗೆಯ ಕೂದಲು ಹಿಡಿ ಹಿಡಿಯಾಗಿ ಕೈಗೆ ಬಂತು. ಸೊಂಟದವರೆಗೆ ಇದ್ದ ಜಡೆ. ಬಾಚಣಿಗೆ ಕೆಳಗಿಟ್ಟು, ‘ಸಾಕು ಕಣೇ, ಊರಿಗೆ ಹೋಗೋಣ ನಡಿ. ಸಾಯೋದಾದರೆ ಕೂದಲು ಇಟ್ಟುಕೊಂಡೇ ಸಾಯ್ತೀನಿ’ ಎಂದರು. ನಾನು ಹೇಳಿದೆ. ಅಣ್ಣ ಫೋನಿನಲ್ಲಿ ಗೋಗರೆದ. ಡಾಕ್ಟರು ಕೂರಿಸಿಕೊಂಡು ವಿವರಿಸಿದರು. ಊಹೂಂ.

ಪಕ್ಕದ ಮಂಚದಲ್ಲಿ ಚಿತ್ರದುರ್ಗದ ಕಡೆಯ ಒಬ್ಬರಿದ್ದರು. ಕೀಮೋ, ಆಪರೇಷನ್ ಎಲ್ಲ ಮುಗಿಸಿ, ‘ಕರೆಂಟ್ ಕೊಡಿಸಿಕೊಳ್ಳಲು’ ಬಂದು ಉಳಿದಿದ್ದವರು. ರೇಡಿಯೇಷನ್ನಿಗೆ ನಮ್ಮ ಜನ ಹೇಳುವುದೇ ಹಾಗೆ. ಅವರು ಎದ್ದು ಬಂದು ಅತ್ತಿಗೆಯ ಪಕ್ಕ ಕೂತು ತಲೆಯ ಮೇಲಿನ ಸೆರಗು ಸರಿಸಿದರು. ಅರ್ಧ ಅಂಗುಲ ಕೂದಲು ಮೊಳೆತಿತ್ತು.

‘ನನಗೂ ಆಗಿತ್ತು ಕಣವ್ವ. ನೋಡಿಲ್ಲಿ, ಮುಟ್ಟಿ ನೋಡು. ಮಲ್ಲಿಗೆ ಗಿಡ ಕತ್ತರಿಸಿದ ಮೇಲೆ ಚಿಗುರಲ್ವಾ?’

ಅತ್ತಿಗೆ ಕೈ ಚಾಚಿ ಮುಟ್ಟಿದರು. ಅವತ್ತು ಕೀಮೋ ತಪ್ಪಲಿಲ್ಲ.

ಗಂಜಿಯಿಂದ ರವಿಕೆಯವರೆಗೆ

ಆಮೇಲೆ ಆ ಅಕ್ಕನೇ ನಮಗೆ ಗುರು. ಧರ್ಮಶಾಲೆಯ ಅಡಿಗೆಮನೆಯಲ್ಲಿ ಸಂಜೆ ಹೊತ್ತು ಆರೇಳು ಜನ ಹೆಂಗಸರು ಸೇರುತ್ತಿದ್ದರು. ಒಬ್ಬರು ಬೀದರಿನವರು, ಒಬ್ಬರು ಕೋಲಾರದವರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಅಲ್ಲಿ ಕಲಿತದ್ದು ಒಂದೆರಡಲ್ಲ.

ಕೂದಲು ಉದುರುವುದು ಸಾಮಾನ್ಯವಾಗಿ ಮೊದಲ ಕೀಮೋ ಆದ ಎರಡು-ಮೂರು ವಾರಕ್ಕೆ. ಅದಕ್ಕೆ ಮೊದಲೇ ಕತ್ತರಿಸಿ ಗಿಡ್ಡ ಮಾಡಿಕೊಂಡರೆ ಉದುರುವಾಗ ಅಷ್ಟು ಸಂಕಟವಾಗುವುದಿಲ್ಲ. ತಲೆಗೆ ನೈಲಾನ್ ಬೇಡ, ಹಳೇ ಮೆತ್ತನೆ ಹತ್ತಿ ಬಟ್ಟೆ ಕಟ್ಟಿಕೊಳ್ಳಿ.

ಬಾಯಿ ಹುಣ್ಣಾದರೆ ಖಾರ, ಹುಳಿ, ಬಿಸಿ ಮೂರನ್ನೂ ಬಿಡಿ. ಉಪ್ಪು, ಅಡಿಗೆ ಸೋಡ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ. ಆರಿದ ರಾಗಿ ಗಂಜಿ, ಮೆತ್ತಗೆ ಬೆಂದ ಹೆಸರುಬೇಳೆ ಅನ್ನ, ಚೆನ್ನಾಗಿ ಬೇಯಿಸಿದ ಮೊಟ್ಟೆ ಇವನ್ನು ಸ್ವಲ್ಪ ಸ್ವಲ್ಪವೇ ತಿನ್ನಿ. ಕೀಮೋ ದಿನಗಳಲ್ಲಿ ಮೈಯಲ್ಲಿ ಸೋಂಕು ತಡೆಯುವ ಶಕ್ತಿ ಕುಂದಿರುತ್ತದೆ. ಜ್ವರ ೧೦೦.೪ ಡಿಗ್ರಿ ಮುಟ್ಟಿದರೆ ‘ಬೆಳಿಗ್ಗೆ ನೋಡೋಣ’ ಎನ್ನದೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಇದನ್ನು ಡಾಕ್ಟರೂ ಹೇಳಿದ್ದರು. ಆದರೆ ‘ಅವತ್ತು ಮಲಗಿಬಿಟ್ಟಿದ್ದರೆ ನಾನು ಇಲ್ಲಿ ಇರ್ತಿರಲಿಲ್ಲ’ ಎಂದು ಕೋಲಾರದವರು ಹೇಳಿದ ಮೇಲೆ ಅತ್ತಿಗೆ ಚೀಲದಲ್ಲಿ ಥರ್ಮಾಮೀಟರ್ ಇಟ್ಟುಕೊಂಡರು.

ಆಪರೇಷನ್ ಆದ ಮೇಲೆ ಆ ಕಡೆಯ ಕೈ ಎತ್ತುವುದೇ ಕಷ್ಟ. ಗೋಡೆಯ ಮೇಲೆ ಇರುವೆ ಹತ್ತಿದ ಹಾಗೆ ಬೆರಳುಗಳನ್ನು ಮೇಲಕ್ಕೆ ನಡೆಸಬೇಕು, ಎಲ್ಲಿಗೆ ತಲುಪಿತೋ ಅಲ್ಲೊಂದು ಪೆನ್ಸಿಲ್ ಗೀಟು. ನಾಳೆ ಆ ಗೀಟು ದಾಟಬೇಕು. ಯಾವಾಗ ಶುರು ಮಾಡಬೇಕೆಂದು ಮಾತ್ರ ಡಾಕ್ಟರನ್ನೇ ಕೇಳಿ. ಕೈ ಊದಿಕೊಂಡರೆ ಅದನ್ನೂ ಬೇಗ ತೋರಿಸಿ.

ರವಿಕೆಯ ಚಿಂತೆಯೂ ಸಣ್ಣದಲ್ಲ. ಸ್ತನ ತೆಗೆದ ಮೇಲೆ ಸೆರಗು ಒಂದು ಕಡೆ ಜಾರುತ್ತದೆ, ನಾಲ್ಕು ಜನರ ಎದುರು ಬರಲು ನಾಚಿಕೆ. ಬೀದರಿನ ಹೆಂಗಸು ಒಳಉಡುಪಿಗೆ ಒಳಗಡೆ ಜೇಬು ಹೊಲಿದು, ಹತ್ತಿ ತುಂಬಿದ ಮೆತ್ತೆ ಇಟ್ಟುಕೊಂಡಿದ್ದರು. ಹತ್ತಿ ದಾರದಲ್ಲಿ ಕ್ರೋಶಾ ಹಾಕಿಯೂ ಇಂಥ ಮೆತ್ತೆ ಮಾಡಬಹುದು. ಕ್ರೋಶಾ ಬಲ್ಲ ನಮ್ಮ ಓದುಗರಿಗೆ ಇದೇನು ಮಹಾ ಕೆಲಸ! ಗಾಯ ಪೂರ್ತಿ ಮಾಗಿದ ಮೇಲೆ ಇಂಥದನ್ನು ಬಳಸಬೇಕು.

ದುಡ್ಡಿನ ದಾರಿಯನ್ನೂ ತಿಳಿಸಿದವರು ಇವರೇ. ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ನೆರವುಂಟು. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಯವರೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಉಂಟು. ಆಸ್ಪತ್ರೆಯ ಕಾಗದ ಬೇಕು. ಯಾವ ಕಾಗದ, ಯಾವ ಕಿಟಕಿ ಎಂದು ಹೇಳಿಕೊಡಲು ಹೋಗಿ ಬಂದವರೇ ಆಗಬೇಕು.

ಮೊದಲು ಮಾಡಿದಾಕೆ

ಹೀಗೆ ಒಬ್ಬರಿಗೊಬ್ಬರು ಒದಗುವುದನ್ನೇ ಒಂದು ಕೆಲಸವೆಂದು ಹಿಡಿದು ಮಾಡಿದಾಕೆ ಅಮೆರಿಕದ ಟೆರೀಸ್ ಲ್ಯಾಸರ್. ೧೯೫೨ರಲ್ಲಿ ನ್ಯೂಯಾರ್ಕಿನಲ್ಲಿ ಆಕೆಯ ಸ್ತನ ತೆಗೆದರು. ಕೈ ಹೇಗೆ ಎತ್ತಬೇಕು, ಏನು ತೊಡಬೇಕು, ಗಂಡನಿಗೆ ಏನು ಹೇಳಬೇಕು—ಇದನ್ನೆಲ್ಲ ಹೇಳಿಕೊಡುವವರು ಆಕೆಗೆ ಸಿಗಲಿಲ್ಲ. ಚೇತರಿಸಿಕೊಂಡ ಮೇಲೆ ಆಕೆಯೇ ಇಂಥ ಆಪರೇಷನ್ ಆದ ಹೆಂಗಸರ ಮಂಚದ ಬಳಿಗೆ ಹೋಗತೊಡಗಿದಳು. ಕೈಯಲ್ಲಿ ಒಂದು ರಬ್ಬರ್ ಚೆಂಡು, ಒಂದು ಹಗ್ಗ, ಎದೆಗೆ ಇಟ್ಟುಕೊಳ್ಳುವ ತಾತ್ಕಾಲಿಕ ಮೆತ್ತೆ. ಚೆಂಡು, ಹಗ್ಗ ಎರಡೂ ಕೈ ವ್ಯಾಯಾಮಕ್ಕೆ. ಡಾಕ್ಟರಲ್ಲದ ಹೆಂಗಸಿಗೆ ವಾರ್ಡಿನಲ್ಲಿ ಏನು ಕೆಲಸ ಎಂದು ಡಾಕ್ಟರುಗಳು ಸಿಡುಕಿದರು. ಆಕೆ ಬಿಡಲಿಲ್ಲ. ಕೊನೆಗೆ ೧೯೬೯ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ ಆ ಕೆಲಸವನ್ನು ವಹಿಸಿಕೊಂಡಿತು. ‘ರೀಚ್ ಟು ರಿಕವರಿ’ ಎಂಬ ಆ ಹೆಸರಿನ ಕೆಲಸ ಆಮೇಲೆ ಬೇರೆ ಬೇರೆ ದೇಶಗಳಿಗೂ ಹಬ್ಬಿತು.

೧೯೭೪ರಲ್ಲಿ ಅಲ್ಲಿನ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೂ ಇದೇ ಆಪರೇಷನ್ ಆಯಿತು. ಅವರು ಮುಚ್ಚಿಡಲಿಲ್ಲ. ಅದನ್ನು ಕೇಳಿ ಎಷ್ಟೋ ಹೆಂಗಸರು ತಾವೂ ಪರೀಕ್ಷೆಗೆ ಹೋದರು. ನೋಡಿದಿರಾ, ಒಬ್ಬರು ಬಾಯಿ ಬಿಟ್ಟರೆ ಎಷ್ಟು ಜನಕ್ಕೆ ಧೈರ್ಯ!

ಇದರಿಂದ ಕಾಯಿಲೆ ವಾಸಿಯಾಗುತ್ತದೆಯೇ?

ನೀವು ಕೇಳಬಹುದು. ೧೯೮೯ರಲ್ಲಿ ಅಮೆರಿಕದ ಡಾಕ್ಟರ್ ಡೇವಿಡ್ ಸ್ಪೀಗಲ್ ಒಂದು ವರದಿ ಪ್ರಕಟಿಸಿದರು. ಕಾಯಿಲೆ ಬೇರೆ ಕಡೆಗೂ ಹರಡಿದ್ದ ೮೬ ಹೆಂಗಸರಲ್ಲಿ, ವಾರಕ್ಕೊಮ್ಮೆ ಕೂಡಿ ಮಾತಾಡಿದವರು ಹೆಚ್ಚು ಕಾಲ ಬದುಕಿದರು ಎಂದಿತ್ತು. ಎಲ್ಲರಿಗೂ ಆಶೆ ಮೂಡಿತು. ಆದರೆ ೨೦೦೧ರಲ್ಲಿ ಕೆನಡಾದವರು ೨೩೫ ಹೆಂಗಸರನ್ನು ಹೀಗೆಯೇ ಗಮನಿಸಿದಾಗ ಆಯುಸ್ಸು ಹೆಚ್ಚಾದದ್ದು ಕಾಣಲಿಲ್ಲ. ಕೂಡಿ ಕೂತವರಿಗೆ ಮನಸ್ಸಿನ ಸಂಕಟ, ಮೈಯ ನೋವು ಕಡಿಮೆಯಾಗಿತ್ತು. ಅದರಲ್ಲೂ ಮೊದಲಿಗೆ ತುಂಬ ಕುಗ್ಗಿದ್ದವರಿಗೆ ಹೆಚ್ಚು ಉಪಯೋಗವಾಗಿತ್ತು.

ಆದ್ದರಿಂದ ಸುಳ್ಳು ಭರವಸೆ ಬೇಡ. ಕ್ಯಾನ್ಸರಿಗೆ ಮದ್ದು ಆಪರೇಷನ್, ಕೀಮೋ, ಕರೆಂಟ್, ಮಾತ್ರೆಗಳೇ. ಆ ಮದ್ದನ್ನು ಅರ್ಧಕ್ಕೆ ಬಿಟ್ಟು ಓಡದಂತೆ ಕೈ ಹಿಡಿದು ಕೂರಿಸುವುದು ಜೊತೆಯವರ ಕೆಲಸ. ಅದೇನು ಕಡಿಮೆಯೇ?

ಜೊತೆಯಾಗುವವರಿಗೆ ಎರಡು ಎಚ್ಚರದ ಮಾತನ್ನೂ ಹೇಳಬೇಕು. ನಿಮಗೆ ಕೊಟ್ಟ ಮದ್ದು ಅವರಿಗೂ ಆಗಬೇಕೆಂದಿಲ್ಲ. ಸ್ತನ ಕ್ಯಾನ್ಸರಿನಲ್ಲೇ ಹಲವು ಬಗೆ ಇವೆ, ಒಬ್ಬೊಬ್ಬರ ಫೈಲು ಒಂದೊಂದು ಥರ. ‘ಆ ಊರಿನಲ್ಲಿ ಸೊಪ್ಪಿನ ಔಷಧಿ ಕೊಡ್ತಾರಂತೆ’ ಎಂದು ಹೇಳಿ ಯಾರನ್ನೂ ಆಸ್ಪತ್ರೆ ಬಿಡಿಸಬೇಡಿ. ಇನ್ನೊಂದು, ಅಳುವವರನ್ನು ‘ಅಳಬೇಡ’ ಎಂದು ತಡೆಯಬೇಡಿ. ಅತ್ತು ಮುಗಿಯುವವರೆಗೆ ಪಕ್ಕದಲ್ಲಿ ಕೂತಿರಿ. ‘ಯಾವ ಜನ್ಮದ ಕರ್ಮವೋ’ ಎಂಬ ಮಾತಂತೂ ಬಾಯಲ್ಲಿ ಬರಲೇಬಾರದು. ಈ ಕಾಯಿಲೆ ಯಾರ ತಪ್ಪಿನಿಂದಲೂ ಬರುವುದಿಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಮಗಳಿಗೂ ಬಂದೇ ಬರುತ್ತದೆ ಎಂಬುದೂ ತಪ್ಪು. ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಮಾತ್ರ ಅದು ವಂಶದ ದೋಷದಿಂದ ಬಂದಿರುತ್ತದೆ. ಮನೆಯಲ್ಲಿ ಇಬ್ಬರು ಮೂವರಿಗೆ ಆಗಿದ್ದರೆ ಡಾಕ್ಟರಿಗೆ ತಿಳಿಸಿ ಸಲಹೆ ಕೇಳಿ.

ಜೊತೆಯವರನ್ನೇ ಕಳೆದುಕೊಂಡರೆ?

ಈ ಮಾತನ್ನು ಬಿಟ್ಟರೆ ಲೇಖನ ಅರ್ಧವಾಗುತ್ತದೆ. ೨೦೨೧ರಲ್ಲಿ ಚಿತ್ರದುರ್ಗದ ಆ ಅಕ್ಕನಿಗೆ ಕಾಯಿಲೆ ಮರುಕಳಿಸಿತು. ಈ ಸಲ ಮೂಳೆಗೆ ಹರಡಿತ್ತು. ಅತ್ತಿಗೆ ಎರಡು ದಿನ ಒಲೆ ಹಚ್ಚಲಿಲ್ಲ. ಅಕ್ಕನಿಗೇ ಹೀಗಾದರೆ ನನ್ನ ಗತಿಯೇನು ಎಂಬ ಭಯ. ಫೋನು ಬಂದರೂ ಎತ್ತಲಿಲ್ಲ. ಮೂರನೇ ದಿನ ತಾವಾಗಿಯೇ ಎದ್ದು, ‘ಅವರು ನನ್ನ ಪಕ್ಕ ಕೂತಿದ್ದರು, ಈಗ ನಾನು ಮುಖ ತಿರುಗಿಸಿದರೆ ಹೆಣ್ಣಾಗಿ ಹುಟ್ಟಿ ಏನು ಬಂತು?’ ಎಂದು ಬಸ್ಸು ಹತ್ತಿದರು. ಆಮೇಲೆ ತಿಂಗಳಿಗೊಮ್ಮೆಯಾದರೂ ಹೋಗಿ ಬರುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿ, ಜೊತೆಯಲ್ಲಿ ಉಂಡು, ಹಾಳು ಹರಟೆ ಹೊಡೆದು ಬರುವುದು. ೨೦೨೨ರ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡರು. ಈ ದುಃಖ ಜೊತೆಯಾದವರಿಗೆ ತಪ್ಪಿದ್ದಲ್ಲ. ‘ಮೊದಲೇ ಗೊತ್ತಿದ್ದರೂ ಅವರ ಸ್ನೇಹ ಮಾಡ್ತಿದ್ರಾ ಅತ್ತಿಗೆ?’ ಎಂದು ಒಮ್ಮೆ ಕೇಳಿದ್ದೆ. ‘ಅವರಿಲ್ಲದಿದ್ದರೆ ನಾನೇ ಇರ್ತಿರಲಿಲ್ಲವಲ್ಲೇ’ ಎಂದರು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬದ ಸಂಜೆ, ಅರಿಶಿನ-ಕುಂಕುಮಕ್ಕೆ ಬಂದ ಹೆಂಗಸರು ಕೂತಿದ್ದಾಗ ಅತ್ತಿಗೆ ತಾಂಬೂಲದ ತಟ್ಟೆ ಕೆಳಗಿಟ್ಟು, ‘ನನಗೆ ಆಗಿದ್ದು ಗರ್ಭಕೋಶದ ತೊಂದರೆ ಅಲ್ಲ. ಸ್ತನದ ಕ್ಯಾನ್ಸರ್. ಈಗ ಮಾತ್ರೆಯಲ್ಲಿದ್ದೀನಿ, ಚೆನ್ನಾಗಿದ್ದೀನಿ. ಯಾರಿಗಾದರೂ ಏನಾದರೂ ಕೇಳಬೇಕಿದ್ದರೆ ಮನೆಗೆ ಬನ್ನಿ’ ಎಂದುಬಿಟ್ಟರು. ಒಂದು ಗಳಿಗೆ ಯಾರ ಬಾಯಲ್ಲೂ ಮಾತಿಲ್ಲ. ಬೀಗರ ಕಡೆಯವರೂ ಅಲ್ಲೇ ಇದ್ದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಮಾರನೇ ದಿನ ಮಧ್ಯಾಹ್ನ ಹಿತ್ತಿಲ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಒಂದು ವರ್ಷದಿಂದ ಗಂಟಿದೆಯಂತೆ, ಗಂಡನಿಗೂ ಹೇಳಿಲ್ಲವಂತೆ. ಅತ್ತಿಗೆ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಆ ವಾರವೇ ಇಬ್ಬರೂ ಬೆಂಗಳೂರಿನ ಬಸ್ಸು ಹತ್ತಿದರು.

ಸಹೋದರಿಯರೇ, ನಿಮಗೆ ಗಂಟು ಕೈಗೆ ಸಿಕ್ಕಿದ್ದರೆ, ನೋವಿಲ್ಲದಿದ್ದರೂ, ಇಂದೇ ತೋರಿಸಿ. ಚಿಕಿತ್ಸೆ ನಡೆಯುತ್ತಿದ್ದರೆ ಪಕ್ಕದ ಕುರ್ಚಿಯವರನ್ನು ಮಾತಾಡಿಸಿ, ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ. ನೀವು ಗೆದ್ದು ಬಂದವರಾಗಿದ್ದರೆ, ನಿಮ್ಮ ಬೀದಿಯಲ್ಲೇ ಯಾರೋ ಒಬ್ಬರು ಆ ಎರಡು ಮಾತಿಗಾಗಿ ಕಾದಿರಬಹುದು. ಹೇಳಿ: ‘ನನಗೂ ಆಗಿತ್ತು.’